ಪಿಟೀಲು ಮ್ಯಾಂಟಿಸ್: ಗುರುತಿಸುವ ಬಗೆ, ನೆಲೆ ದಾಖಲಿಸುವ ಬಗೆ

ಬೋರೆ ಗಿಡದ ಮುಳ್ಳುಕೊಂಬೆಗೆ ಒಣಗಿದ ಎಲೆಯೊಂದು ಸಿಕ್ಕಿಕೊಂಡಂತಿದೆ. ಅಕ್ಕಪಕ್ಕದ ಎಲೆಗಳೆಲ್ಲ ಸುಮ್ಮನಿವೆ, ಇದೊಂದು ಮಾತ್ರ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ತೂಗುತ್ತಿದೆ. ಅಂಥ ಕಡೆ ಹೆಜ್ಜೆ ನಿಲ್ಲಿಸಿ. ಅದು ಎಲೆಯಲ್ಲದೆ ಪಿಟೀಲು ಮ್ಯಾಂಟಿಸ್ ಎಂಬ ಕೀಟವಾಗಿರಬಹುದು.

ವೈಜ್ಞಾನಿಕವಾಗಿ ಇದರ ಹೆಸರು ಗಾಂಗಿಲಸ್ ಗಾಂಗಿಲೋಡಿಸ್. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಇದಕ್ಕೆ ಹೆಸರಿಟ್ಟಾಗ ಮಿಡತೆ, ಚಿಮ್ಮಂಡೆಗಳ ಜೊತೆ ಗ್ರಿಲ್ಲಸ್ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದ. ಈಗ ಇದು ಎಂಪುಸಿಡೆ ಕುಟುಂಬದ ಸದಸ್ಯ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ಮುಖ್ಯ ನೆಲೆ, ಅಂದರೆ ನಮ್ಮ ಬಯಲುಸೀಮೆ ಇದರ ತವರಿನೊಳಗೇ ಬರುತ್ತದೆ. ಹಾಗಿದ್ದೂ ಇದರ ಫೋಟೊಗಳಲ್ಲಿ ಎಷ್ಟೋ ಊರು, ತಾರೀಖು ಇಲ್ಲದೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಅಂಥ ಫೋಟೊ ಎಷ್ಟೇ ಚೆನ್ನಾಗಿದ್ದರೂ ನೆಲೆಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಎರಡು ಕೆಲಸಗಳನ್ನೂ ಒಟ್ಟಿಗೆ ಹೇಳಿದ್ದೇವೆ: ಹುಳವನ್ನು ತಪ್ಪಿಲ್ಲದೆ ಗುರುತಿಸುವುದು, ಕಂಡ ಜಾಗವನ್ನು ತಪ್ಪಿಲ್ಲದೆ ಬರೆಯುವುದು.

ಹೆಸರಿನ ಬಗ್ಗೆ ಒಂದು ಮಾತು. ಮ್ಯಾಂಟಿಸ್‌ಗೆ ಕನ್ನಡದಲ್ಲಿ ಪ್ರಾರ್ಥನಾ ಕೀಟ ಎನ್ನುವುದುಂಟು, ಕೆಲವು ಕಡೆ ಸೂರ್ಯನ ಕುದುರೆ ಎನ್ನುವುದೂ ಉಂಟು. ಆದರೆ ಸೂರ್ಯನ ಕುದುರೆ ಎಂದು ಕೆಲವು ಊರುಗಳಲ್ಲಿ ಹಸಿರು ಮಿಡತೆಯನ್ನೂ ಕರೆಯುತ್ತಾರೆ. ಊರಿನವರು ಹೇಳಿದ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ಅದು ಉಳಿಯಬೇಕಾದ ಮಾಹಿತಿ. ಆದರೆ ಆ ಹೆಸರೊಂದನ್ನೇ ನಂಬಿ ಪ್ರಭೇದ ತೀರ್ಮಾನಿಸಬೇಡಿ.

ಕತ್ತನ್ನು ನೋಡಿ, ಬಣ್ಣವನ್ನಲ್ಲ

ಹೊಸಬರು ಎಡವುವುದು ಬಣ್ಣದಲ್ಲಿ. "ಕಂದು ಬಣ್ಣ, ಎಲೆಯ ಹಾಗಿದೆ" ಎಂದಷ್ಟಕ್ಕೇ ಹೆಸರು ಕೊಟ್ಟುಬಿಡುತ್ತಾರೆ. ಪಿಟೀಲು ಮ್ಯಾಂಟಿಸ್ ಒಣಹುಲ್ಲಿನ ತಿಳಿಬಣ್ಣದಿಂದ ಗಾಢ ಕಂದಿನವರೆಗೆ ಯಾವ ಛಾಯೆಯಲ್ಲಾದರೂ ಸಿಗುತ್ತದೆ. ಪೊರೆ ಕಳಚಿದ ಮೇಲೆ ಅದೇ ಹುಳದ ಬಣ್ಣ ಬದಲಾಗುವುದೂ ಉಂಟು. ನಂಬಬೇಕಾದ್ದು ಆಕಾರವನ್ನು, ಅದರಲ್ಲೂ ಮೊದಲು ಕತ್ತನ್ನು.

ನಾವು ಕತ್ತು ಎನ್ನುವುದು ನಿಜಕ್ಕೂ ಎದೆಯ ಮೊದಲ ತುಂಡು, ಮುನ್ನೆದೆ. ಬೇಟೆಗೆ ಬಳಸುವ ಎರಡು ಮುಂಗಾಲುಗಳು ಹುಟ್ಟುವುದು ಇಲ್ಲಿಂದಲೇ. ಪಿಟೀಲು ಮ್ಯಾಂಟಿಸ್‌ನಲ್ಲಿ ಈ ಮುನ್ನೆದೆ ಕಡ್ಡಿಯಂತೆ ತೆಳ್ಳಗೆ, ಬಹಳ ಉದ್ದವಾಗಿ ಹೋಗಿ, ಮುಂಗಾಲು ಸೇರುವ ಜಾಗದಲ್ಲಿ ಎರಡೂ ಬದಿಗೆ ಎಲೆಯಂತೆ ಹರಡಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಕಡ್ಡಿಯ ತುದಿಗೆ ಪುಟ್ಟ ಗುರಾಣಿ ಕಟ್ಟಿದ ಹಾಗೆ. ಹಿಂದಿನ ದಪ್ಪ ಹೊಟ್ಟೆ ಪಿಟೀಲಿನ ಬುರುಡೆ, ತೆಳ್ಳನೆಯ ಕತ್ತು ಅದರ ದಂಡಿ, ತುದಿಯ ಗುರಾಣಿ ಮತ್ತು ತಲೆ ಬಿರಡೆಗಳಿರುವ ಕೊನೆ. ಹೆಸರು ಬಂದದ್ದು ಹೀಗೆ. ಗುರಾಣಿ ಕತ್ತಿನ ಮುಂತುದಿಯಲ್ಲಿ ಮಾತ್ರ ಇದೆ, ಹಿಂದಿನ ಕಡ್ಡಿ ಸಪೂರವಾಗಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಕತ್ತಿನ ಉದ್ದಕ್ಕೂ ಅಗಲವಾದ ಹಾಳೆಯಿದ್ದರೆ ಅದು ಬೇರೆ ಹುಳ.

ಎರಡನೆಯ ಗುರುತು ತಲೆ. ಎರಡು ಕಣ್ಣುಗಳ ನಡುವಿನಿಂದ ಮೇಲಕ್ಕೆ ಕಿರೀಟದಂತೆ ಒಂದು ಮೊನಚು ಎದ್ದಿರುತ್ತದೆ. ಇದು ಎದುರಿನಿಂದ ತೆಗೆದ ಫೋಟೊಕ್ಕಿಂತ ಪಕ್ಕದಿಂದ ತೆಗೆದದ್ದರಲ್ಲಿ ಸ್ಪಷ್ಟ. ಮೂರನೆಯದು ಕಾಲುಗಳು. ನಡುಗಾಲು ಮತ್ತು ಹಿಂಗಾಲುಗಳ ತೊಡೆಯ ತುದಿಯಲ್ಲಿ ಹರಿದ ಎಲೆಯ ಚೂರಿನಂಥ ಹಾಳೆಗಳಿರುತ್ತವೆ. ಹೊಟ್ಟೆಯ ಅಂಚಿನಲ್ಲೂ ಅಂಥ ಜಾಲರಿ ಇದೆ. ಕತ್ತಿನ ಗುರಾಣಿ, ತಲೆಯ ಮೊನಚು, ಕಾಲಿನ ಎಲೆಗಳು: ಈ ಮೂರೂ ಒಟ್ಟಿಗೆ ಇದ್ದರೆ ದಕ್ಷಿಣ ಭಾರತದ ಕುರುಚಲಿನಲ್ಲಿ ಬೇರೆ ಹುಳದ ಜೊತೆ ಗೊಂದಲವಾಗುವ ಸಂಭವ ತೀರಾ ಕಡಿಮೆ. ಕಾಲು ಮುರಿದ ಹುಳವೂ ಸಿಗುತ್ತದೆ, ಆಗ ಕತ್ತು ಮತ್ತು ತಲೆಯನ್ನೇ ಆಧಾರ ಮಾಡಿಕೊಳ್ಳಿ.

ಅಳತೆ ಪೂರಕ ಸಾಕ್ಷಿ ಅಷ್ಟೆ. ಬೆಳೆದ ಹುಳ ತಲೆಯಿಂದ ಹೊಟ್ಟೆಯ ತುದಿಗೆ ಸುಮಾರು 9ರಿಂದ 11 ಸೆಂ.ಮೀ., ಹೆಣ್ಣು ಗಂಡಿಗಿಂತ ತುಸು ದೊಡ್ಡದು.

ಗುರುತಿಗೆ ಬಾರದ ಎರಡು ಸಂಗತಿಗಳನ್ನೂ ತಿಳಿದಿರಬೇಕು. ಕಣ್ಣಿನೊಳಗೆ ನಿಮ್ಮನ್ನೇ ಹಿಂಬಾಲಿಸುವಂತೆ ಕಾಣುವ ಕಪ್ಪು ಚುಕ್ಕೆ ಎಲ್ಲ ಮ್ಯಾಂಟಿಸ್‌ಗಳಲ್ಲೂ ಇದೆ. ಅದು ಕಣ್ಣಿನ ರಚನೆಯಿಂದ ಕಾಣುವ ನೋಟ, ಪ್ರಭೇದದ ಲಕ್ಷಣವಲ್ಲ. ರಾತ್ರಿ ಮ್ಯಾಂಟಿಸ್‌ಗಳ ಕಣ್ಣು ಪೂರ್ತಿ ಕಪ್ಪಾಗುತ್ತದೆ. ಹಗಲಿನಲ್ಲಿ ತಿಳಿಬಣ್ಣದ ಕಣ್ಣಿದ್ದ ಹುಳವೇ ರಾತ್ರಿಯ ಫೋಟೊದಲ್ಲಿ ಕಪ್ಪು ಕಣ್ಣಿನದಾಗಿ ಕಂಡು, ಎರಡು ಬೇರೆ ಹುಳಗಳೆಂದು ದಾಖಲಾಗುವುದುಂಟು.

ಗುರಾಣಿಯ ಕೆಳಮೈ

ಇದನ್ನು ನೋಡದೆ ಹಿಂದಿರುಗಬೇಡಿ. ಮೇಲಿನಿಂದ ಮಂಕು ಕಂದಾಗಿರುವ ಗುರಾಣಿಯ ಕೆಳಮೈ ಬೇರೆಯೇ ಲೋಕ. ಬದುಕಿರುವ ಹುಳದಲ್ಲಿ ಅದು ತಿಳಿನೇರಳೆ, ಅಂಚಿನಲ್ಲಿ ನಸುಗೆಂಪಿನ ಛಾಯೆ, ನಟ್ಟನಡುವೆ ಒಂದು ಕಪ್ಪುಗಂದು ಬೊಟ್ಟು. ತಲೆಕೆಳಗಾಗಿ ಕೊಂಬೆಗೆ ಜೋತುಬಿದ್ದು ಕತ್ತನ್ನು ಚಾಚಿದಾಗ ಈ ಕೆಳಮೈ ಎದುರಿಗೆ ಬರುತ್ತದೆ. ಎಸಳು ಬಿಚ್ಚಿದ ಹೂವೊಂದು, ಆ ಬೊಟ್ಟು ಹೂವಿನ ಕೊಳವೆಯ ಬಾಯಿ, ಹಾಗೆ ಕಾಣುತ್ತದೆ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಜಾನ್ ಆಂಡರ್ಸನ್ 1877ರಲ್ಲಿ ಏಷ್ಯಾಟಿಕ್ ಸೊಸೈಟಿಯ ಮುಂದೆ ಇದನ್ನು ವಿವರಿಸಿದ್ದರು. ಬೆನ್ನಿನ ಕಡೆಯಿಂದ ನೋಡುವವರಿಗೆ ಒಣ ಎಲೆ, ಹೊಟ್ಟೆಯ ಕಡೆಯಿಂದ ಬರುವ ನೊಣಕ್ಕೆ ಹೂವು.

ಬಣ್ಣವನ್ನು ನಂಬಬೇಡಿ ಎಂದವರು ಇಲ್ಲಿ ಬಣ್ಣದ ಮಾತಾಡುತ್ತಿದ್ದೇವೆ. ಕಾರಣವಿದೆ. ಈ ನೇರಳೆ ಸತ್ತ ಹುಳದಲ್ಲಿ ಮಾಸಿಹೋಗುತ್ತದೆ. ಪೆಟ್ಟಿಗೆಯಲ್ಲಿ ಚುಚ್ಚಿಟ್ಟ ಮಾದರಿಯಿಂದ ತಿಳಿಯದ ಸಂಗತಿಯನ್ನು ನಿಮ್ಮ ಮೊಬೈಲಿನ ಒಂದು ಫೋಟೊ ಉಳಿಸಬಲ್ಲದು. ಮೊಬೈಲನ್ನು ಹುಳದ ಕೆಳಗೆ ತಂದು, ಸೆಲ್ಫಿ ಕ್ಯಾಮೆರಾ ಬಳಸಿ, ಮೇಲ್ಮುಖವಾಗಿ ಹಿಡಿದರೆ ಹುಳವನ್ನು ಮುಟ್ಟದೆಯೇ ಕೆಳಮೈಯ ಚಿತ್ರ ಸಿಗುತ್ತದೆ. ಆಕಾಶದ ಬೆಳಕು ಎದುರಿಗಿರುವುದರಿಂದ ಹುಳ ಕಪ್ಪಾಗಿ ಬೀಳುತ್ತದೆ. ಪರದೆಯ ಮೇಲೆ ಹುಳವನ್ನು ಬೆರಳಿನಿಂದ ಒತ್ತಿ, ಬೆಳಕಿನ ಗೆರೆಯನ್ನು ಮೇಲಕ್ಕೆಳೆದರೆ ಸರಿಯಾಗುತ್ತದೆ.

ಗಂಡೋ, ಹೆಣ್ಣೋ, ಮರಿಯೋ

ಬೆಳೆದ ಗಂಡನ್ನು ತಲೆಯ ಕುಡಿಮೀಸೆ (ಆಂಟೆನಾ) ನೋಡಿದ ಕೂಡಲೇ ಹೇಳಬಹುದು. ಎರಡೂ ಬದಿಗೆ ಹಲ್ಲುಗಳಿರುವ ಬಾಚಣಿಗೆಯಂತೆ, ಪುಟ್ಟ ಗರಿಯಂತೆ ಇರುತ್ತದೆ. ಹೆಣ್ಣಿನದು ಬರೀ ದಾರ. ಗಂಡಿನ ರೆಕ್ಕೆ ಹೊಟ್ಟೆಯ ತುದಿಯನ್ನು ದಾಟುತ್ತದೆ, ಅದು ಚೆನ್ನಾಗಿ ಹಾರುತ್ತದೆ. ಹೆಣ್ಣಿನ ರೆಕ್ಕೆ ಗಿಡ್ಡ, ಹೊಟ್ಟೆ ಅಗಲ ಮತ್ತು ಭಾರ. ಹಾರುವ ಹುಳ, ಹಾರದ ಹುಳ ಎಂಬ ಈ ವ್ಯತ್ಯಾಸ ನೆಲೆಯ ದಾಖಲೆಗೂ ಮುಖ್ಯ, ಅದನ್ನು ಮುಂದೆ ಹೇಳುತ್ತೇವೆ.

ರೆಕ್ಕೆ ಬಾರದ ಮರಿಯಲ್ಲಿ ಹೊಟ್ಟೆಯ ಕೆಳಭಾಗದ ಪಟ್ಟಿಗಳನ್ನು ಎಣಿಸಬೇಕು. ಹೆಣ್ಣಿನಲ್ಲಿ ಕಾಣುವುದು 6, ಗಂಡಿನಲ್ಲಿ 8. ಹೆಣ್ಣಿನ ಕೊನೆಯ ಪಟ್ಟಿ ಎದ್ದುಕಾಣುವಷ್ಟು ದೊಡ್ಡದು. ತೀರಾ ಎಳೆಯ ಮರಿಯಲ್ಲಿ ಇದು ಬರಿಗಣ್ಣಿಗೆ ಸಿಗುವುದಿಲ್ಲ, 10 ಪಟ್ಟು ಹಿಗ್ಗಿಸುವ ಮಸೂರ ಬೇಕು. ಎಣಿಕೆ ಅನುಮಾನವಾದರೆ "ಮರಿ" ಎಂದಷ್ಟೇ ಬರೆಯಿರಿ, ಊಹೆ ಬೇಡ. ಕೊನೆಯ ಪೊರೆ ಕಳಚುವುದಕ್ಕೆ ಮುಂಚಿನ ಗಂಡು ಮರಿಯ ಕುಡಿಮೀಸೆ ದಾರಕ್ಕಿಂತ ದಪ್ಪಗಾಗಿ, ಒಳಗೆ ಏನೋ ಮಡಚಿಟ್ಟಂತೆ ಕಾಣುತ್ತದೆ.

ಮ್ಯಾಂಟಿಸ್‌ಗೆ ಚಿಟ್ಟೆಯಂತೆ ಕೋಶಾವಸ್ಥೆ ಇಲ್ಲ. ಮೊಟ್ಟೆಯಿಂದ ಬರುವಾಗಲೇ ದೊಡ್ಡದರ ಆಕಾರ ಹೊತ್ತು ಬರುತ್ತದೆ, ಪೊರೆ ಕಳಚುತ್ತಾ ಬೆಳೆಯುತ್ತದೆ. ಹಾಗಾಗಿ ಕತ್ತಿನ ಗುರಾಣಿ ಮರಿಯಲ್ಲೂ ಇರುತ್ತದೆ. ಮರಿಯ ವಿಶೇಷವೆಂದರೆ ಹೊಟ್ಟೆಯನ್ನು ಬೆನ್ನ ಮೇಲಕ್ಕೆ ಸುರುಳಿ ಮಾಡಿಕೊಂಡಿರುವುದು. ಪಕ್ಕದಿಂದ ನೋಡಿದರೆ ಮುದುಡಿದ ಎಲೆಗೆ ಕಡ್ಡಿ ಸಿಕ್ಕಿಸಿದಂತೆ. ಮುದುಡಿದ ಹೊಟ್ಟೆಯನ್ನು ಬಿಟ್ಟು ಅಳೆದರೆ ಉದ್ದ ತಪ್ಪುತ್ತದೆ, ಆದ್ದರಿಂದ ಮರಿಯ ಉದ್ದಕ್ಕಿಂತ ಕತ್ತಿನ ಉದ್ದ ಬರೆದುಕೊಳ್ಳುವುದು ಲೇಸು.

ಕೊಂಬೆಗೆ ಅಂಟಿದ ಮೊಟ್ಟೆಗೂಡು ಮಾತ್ರ ಸಿಕ್ಕರೆ ಪ್ರಭೇದದ ಹೆಸರು ಹಾಕಬೇಡಿ. ಪಕ್ಕದಲ್ಲೇ ತಾಯಿ ಹುಳ ಕೂತಿದ್ದರೆ, ಅಥವಾ ಅದರಿಂದ ಮರಿಗಳು ಹೊರಬರುವುದನ್ನು ಕಂಡರೆ ಮಾತು ಬೇರೆ.

ಯಾವುದನ್ನು ಇದೆಂದು ತಪ್ಪು ತಿಳಿಯುತ್ತಾರೆ

ನಮ್ಮ ಕಡೆ ಹೆಚ್ಚು ಗೊಂದಲ ಕಡ್ಡಿಯಂಥ ಹುಳಗಳಿಂದ. ಹುಲ್ಲಿನ ನಡುವೆ ಉದ್ದುದ್ದ ಚಾಚಿಕೊಂಡಿರುವ ಸ್ಕೈಜೊಸೆಫಲಾ ಬೈಕಾರ್ನಿಸ್ ಎಂಬ ಮ್ಯಾಂಟಿಸ್‌ಗೂ ಕತ್ತು ಬಹಳ ಉದ್ದ. ಆದರೆ ಅದರ ಕಣ್ಣುಗಳೇ ಎರಡು ಕೊಂಬಿನಂತೆ ಮೊನಚಾಗಿ ಮುಂದೆ ಚಾಚಿರುತ್ತವೆ, ಗುರಾಣಿಯಿಲ್ಲ, ಕಾಲಿನಲ್ಲಿ ಎಲೆಗಳಿಲ್ಲ, ಮೈಯೆಲ್ಲ ಒಂದೇ ಸಮನಾದ ಹುಲ್ಲುಕಡ್ಡಿ. ಕಡ್ಡಿಹುಳ ಮ್ಯಾಂಟಿಸೇ ಅಲ್ಲ, ಅದು ಎಲೆ ತಿನ್ನುವ ಬೇರೆ ಗುಂಪು. ಮುಂಗಾಲಿನಲ್ಲಿ ಮುಳ್ಳಿನ ಸಾಲಿರುವ, ಚಾಕುವಿನಂತೆ ಮಡಚುವ ಕೀಲಿಲ್ಲ ಎಂಬುದನ್ನು ನೋಡಿದರೆ ಸಾಕು. ಮ್ಯಾಂಟಿಸ್‌ನಂತೆಯೇ ಮಡಚುವ ಮುಂಗಾಲಿದ್ದರೂ ಗಾಜಿನಂಥ ನರನರವಾದ ರೆಕ್ಕೆಗಳನ್ನು ಚಾವಣಿಯಂತೆ ಹೊದ್ದ ಪುಟ್ಟ ಹುಳ ಕಂಡರೆ ಅದು ಮ್ಯಾಂಟಿಸ್ಪಿಡ್, ಅದೂ ಬೇರೆ ಗುಂಪಿನದು.

ಮನೆಯಂಗಳದ ದೊಡ್ಡ ಹಸಿರು ಮ್ಯಾಂಟಿಸ್ ಸಾಮಾನ್ಯವಾಗಿ ಹೈರೊಡುಲಾ ಕುಲದ್ದು. ದಪ್ಪ ಕತ್ತು, ಮುಂರೆಕ್ಕೆಯ ಮೇಲೊಂದು ಬಿಳಿ ಮಚ್ಚೆ. ರೆಕ್ಕೆಯ ಮೇಲೆ ಉಂಗುರ ಬರೆದ ಕಣ್ಣಿನಂಥ ಗುರುತಿರುವ ಸಣ್ಣ ಹೂವಿನ ಮ್ಯಾಂಟಿಸ್ ಕ್ರಿಯೊಬ್ರೊಟರ್ ಕುಲದ್ದು. ಇವೆರಡನ್ನು ಪಿಟೀಲು ಮ್ಯಾಂಟಿಸ್ ಎನ್ನುವವರು ಕಡಿಮೆ.

ಇಂಟರ್ನೆಟ್ಟಿನ ಚಿತ್ರಗಳಿಂದ ಆಗುವ ತಪ್ಪು ದೊಡ್ಡದು. ಕೆಂಪು, ನೀಲಿ, ಬಿಳುಪಿನ ಅಬ್ಬರದ ಬಣ್ಣ ತೋರಿಸಿ ಕಾಲೆತ್ತಿ ನಿಲ್ಲುವ ಐಡೊಲೊಮ್ಯಾಂಟಿಸ್ ಡಯಾಬೊಲಿಕಾ ಆಫ್ರಿಕದ್ದು. ಅದೂ ಎಂಪುಸಿಡೆ ಕುಟುಂಬದ್ದೇ ಆದ್ದರಿಂದ ಮುಖದ ಹೋಲಿಕೆಯಿದೆ. ಕತ್ತಿನ ಉದ್ದಕ್ಕೂ ಒಣ ಎಲೆಯಂಥ ಅಗಲ ಹಾಳೆ ಹೊತ್ತ ಡೆರೊಪ್ಲಾಟಿಸ್ ಆಗ್ನೇಯ ಏಷ್ಯಾದ ಮಳೆಕಾಡಿನದು. ಎಂಪುಸಾ ಕುಲದ ಹುಳಗಳಿಗೆ ತಲೆಯ ಕಿರೀಟವೂ ಗಂಡಿನ ಬಾಚಣಿಗೆ ಮೀಸೆಯೂ ಇವೆ, ಆದರೆ ಕತ್ತಿನ ತುದಿ ಗುರಾಣಿಯಾಗಿ ಹರಡಿಲ್ಲ. ಅವು ಮೆಡಿಟರೇನಿಯನ್ ಸೀಮೆಯಿಂದ ಪಶ್ಚಿಮ ಏಷ್ಯಾದ ಕಡೆಗೆ ಹರಡಿರುವ ಒಣನಾಡಿನ ಹುಳಗಳು. ದುಬೈ, ಮಸ್ಕತ್‌ನಲ್ಲಿರುವ ಕನ್ನಡಿಗರು ಅಲ್ಲಿನ ಮರಳುಗಾಡಿನಲ್ಲಿ ಇಂಥದ್ದನ್ನು ಕಂಡು ಊರಿನ ಹುಳವೆಂದು ಭಾವಿಸುವ ಮುನ್ನ ಗುರಾಣಿಯನ್ನು ಹುಡುಕಬೇಕು.

ಹೊರದೇಶದಲ್ಲಿ ಪಿಟೀಲು ಮ್ಯಾಂಟಿಸ್ಸೇ ಕಂಡರೂ ಅದು ನೆಲೆಯ ದಾಖಲೆಯಲ್ಲ. ಯುರೋಪು, ಅಮೆರಿಕದಲ್ಲಿ ಇದನ್ನು ಸಾಕುವ ಹವ್ಯಾಸಿಗಳು ಬಹಳ. ಒಂದನ್ನೊಂದು ತಿನ್ನುವ ಚಾಳಿ ಬೇರೆ ಮ್ಯಾಂಟಿಸ್‌ಗಳಿಗಿಂತ ಕಡಿಮೆ ಇರುವುದರಿಂದ ಹಲವನ್ನು ಒಟ್ಟಿಗೆ ಇಡಬಹುದು, ಅದಕ್ಕೇ ಅಷ್ಟು ಬೇಡಿಕೆ. ಅಂಥದ್ದನ್ನು "ಸಾಕಿದ್ದು" ಎಂದು ಗುರುತು ಹಾಕಿಯೇ ದಾಖಲಿಸಿ.

ಎಲ್ಲಿ, ಹೇಗೆ ಹುಡುಕುವುದು

ಬಿಸಿಲು ಬೀಳುವ, ಗಾಳಿಯಾಡುವ, ಒಣ ಕುರುಚಲು. ದಟ್ಟ ಮಲೆನಾಡಿನ ನೆರಳಲ್ಲಲ್ಲ. ಜಾಲಿ, ಬೋರೆ, ತಂಗಡಿ, ಕಾರೆ, ಬಂದರಿಕೆ, ಲಂಟಾನದ ಪೊದೆ, ನಡುನಡುವೆ ಹುಲ್ಲು. ಹೆಸರಘಟ್ಟದ ಹುಲ್ಲುಗಾವಲು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ, ಚಿತ್ರದುರ್ಗದ ಬೆಟ್ಟಸಾಲು, ರಾಣೆಬೆನ್ನೂರು, ದರೋಜಿಯ ಕಡೆಯ ಭೂಮಿ ನೆನಪಿಗೆ ತಂದುಕೊಂಡರೆ ಎಂಥ ಜಾಗವೆಂಬುದು ತಿಳಿಯುತ್ತದೆ. ಇವುಗಳಲ್ಲಿ ಕೃಷ್ಣಮೃಗ, ಕರಡಿಗಾಗಿ ಮೀಸಲಾದ ಪ್ರದೇಶಗಳಿವೆ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬೇಡಿ. ಹಾಗೆ ನೋಡಿದರೆ ನಿಮ್ಮೂರಿನ ಕೆರೆ ಏರಿಯ ಹಿಂದೆ, ಗೋಮಾಳದಲ್ಲಿ, ಹೊಲದ ಬದುವಿನಲ್ಲಿ ಹುಡುಕುವುದೇ ಹೆಚ್ಚು ಉಪಯೋಗ. ಕಂದಾಯ ದಾಖಲೆಯಲ್ಲಿ "ಬೀಳು" ಎಂದು ಬರೆಸಿಕೊಂಡ ಇಂಥ ನೆಲವೇ ಈ ಹುಳದ ಮನೆ. ಬೀಳು ಎಂದರೆ ಬರಿದು ಎಂದುಕೊಂಡು ಸವರಿ ಹಾಕಿದ ಕಡೆಗಳಲ್ಲಿ ಏನು ಇತ್ತು ಎಂಬುದಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ. ದಾಖಲೆಯನ್ನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

100 ಮೀಟರ್ ಉದ್ದದ ಒಂದು ಗೆರೆ ಇಟ್ಟುಕೊಳ್ಳಿ, ಎರಡೂ ಬದಿಗೆ ಒಂದೊಂದು ಮೀಟರ್. ಈ ಪಟ್ಟಿಯನ್ನು ಮುಗಿಸಲು ಕನಿಷ್ಠ 30 ನಿಮಿಷ ತೆಗೆದುಕೊಳ್ಳಿ. ಹತ್ತೇ ನಿಮಿಷಕ್ಕೆ ಮುಗಿದರೆ ನೀವು ನಡೆದಿದ್ದೀರಿ, ಹುಡುಕಿಲ್ಲ. ಪೊದೆಯನ್ನು ಸೂರ್ಯನಿಗೆ ಅಡ್ಡವಾಗಿಟ್ಟುಕೊಂಡು, ಅಂದರೆ ಬೆಳಕು ಪೊದೆಯ ಆಚೆಯಿಂದ ಬರುವಂತೆ ನಿಂತು ನೋಡಿ. ಬೆಳಕಿಗೆ ಎದುರಾಗಿ ಆಕಾರ ಕಪ್ಪಾಗಿ ಎದ್ದುಕಾಣುತ್ತದೆ, ಬಣ್ಣದ ಮರೆ ಕೆಲಸ ಮಾಡುವುದಿಲ್ಲ. ಮಂಡಿಯೂರಿ ಕೆಳಗಿನಿಂದಲೂ ನೋಡಬೇಕು, ಏಕೆಂದರೆ ಹುಳ ಬಹುಪಾಲು ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಅನುಮಾನದ ಎಲೆ ಸಿಕ್ಕರೆ ನೋಟ್‌ಬುಕ್ಕಿನಿಂದ ಮೆಲ್ಲಗೆ ಗಾಳಿ ಹಾಕಿ. ಎಲೆ ಗಾಳಿ ನಿಂತಾಗ ನಿಲ್ಲುತ್ತದೆ, ಹುಳ ಇನ್ನೂ ಕೆಲವು ಸಲ ತೂಗುತ್ತದೆ.

ಹೂಬಿಟ್ಟ ಪೊದೆಗಳನ್ನು ಬಿಡಬೇಡಿ. ಇದರ ಆಹಾರ ಮುಖ್ಯವಾಗಿ ಹಾರುವ ಹುಳಗಳು: ನೊಣ, ಪತಂಗ, ಚಿಟ್ಟೆ, ಜೇನು. ನೊಣ ಹೆಚ್ಚು ಸುಳಿಯುವ ಕಡೆ ಇದೂ ಕಾದಿರುತ್ತದೆ.

ಕೋಲಿನಿಂದ ಪೊದೆ ಬಡಿದು ಹುಳ ಉದುರಿಸುವ ಪದ್ಧತಿ ಬೇರೆ ಕೀಟಗಳಿಗೆ ಸರಿ, ಇದಕ್ಕೆ ಬೇಡ. ತೆಳುಕಾಲು ಕಳಚಿಹೋಗುತ್ತದೆ. ಮರಿಯ ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಚಿಗುರಬಹುದು, ಬೆಳೆದ ಹುಳಕ್ಕೆ ಇನ್ನು ಪೊರೆ ಕಳಚುವುದಿಲ್ಲವಾದ್ದರಿಂದ ಹೋದದ್ದು ಹೋಯಿತು. ಜಾಗ ಬದಲಿಸಲೇಬೇಕಾದರೆ ಎದುರಿಗೆ ಕಡ್ಡಿ ಹಿಡಿದು, ಹಿಂದಿನಿಂದ ಬೆರಳು ತೋರಿಸಿ, ತಾನಾಗಿ ಹತ್ತಲು ಬಿಡಿ. ತಲೆಕೆಳಗಾಗಿ ನೇತಾಡುತ್ತಾ ಪೊರೆಯಿಂದ ಹೊರಬರುತ್ತಿರುವ ಹುಳವನ್ನು ಮುಟ್ಟಲೇಬೇಡಿ. ಆಗ ಬಿದ್ದರೆ ಮೈ ಸೊಟ್ಟಗೇ ಗಟ್ಟಿಯಾಗುತ್ತದೆ.

ಗಂಡು ಹಾರುವುದರಿಂದ ರಾತ್ರಿ ದೀಪಕ್ಕೆ ಬರುವ ಸಾಧ್ಯತೆಯಿದೆ. ಬೆಳಿಗ್ಗೆ ಹಳ್ಳಿಯ ಬೀದಿದೀಪದ ಕಂಬ, ಶಾಲೆಯ ಗೋಡೆ, ಬಸ್ ನಿಲ್ದಾಣ ನೋಡಿ. ಹೀಗೆ ಸಿಕ್ಕಾಗ "ದೀಪಕ್ಕೆ ಬಂದದ್ದು" ಎಂದು ಬರೆಯುವುದನ್ನು ಮರೆಯಬಾರದು. ಗೋಡೆ ಅದರ ನೆಲೆಯಲ್ಲ, ಎಲ್ಲಿಂದಲೋ ಹಾರಿಬಂದಿದೆ. ಆದರೆ ಹಾರಲಾಗದ ಹೆಣ್ಣು ಅಥವಾ ಮರಿ ಸಿಕ್ಕರೆ ಅದು ಬೆಳೆದದ್ದೇ ಆ ಪೊದೆಗಳಲ್ಲಿ. ಆದ್ದರಿಂದ ನೆಲೆಯ ನಕ್ಷೆಗೆ ಒಂದು ಮರಿಯ ದಾಖಲೆ ಹತ್ತು ಗಂಡುಗಳ ದಾಖಲೆಗಿಂತ ಗಟ್ಟಿ ಸಾಕ್ಷಿ ಎನ್ನುವುದು ನಮ್ಮ ಅಭಿಪ್ರಾಯ.

ಫೋಟೊ

ಕನಿಷ್ಠ ಆರು ಬೇಕು: ಪೂರ್ತಿ ಮೈ ಪಕ್ಕದಿಂದ, ಪೂರ್ತಿ ಮೈ ಮೇಲಿನಿಂದ, ತಲೆ ಪಕ್ಕದಿಂದ ಮೀಸೆ ಕಾಣುವಂತೆ, ಗುರಾಣಿಯ ಕೆಳಮೈ, ರೆಕ್ಕೆ ಮತ್ತು ಹೊಟ್ಟೆಯ ತುದಿ, ಕೊನೆಗೆ ಹತ್ತು ಹೆಜ್ಜೆ ಹಿಂದೆ ಸರಿದು ಗಿಡ ಮತ್ತು ಸುತ್ತಲ ನೆಲ. ಹೆಚ್ಚಿನವರು ಮೊದಲನೆಯದನ್ನೇ ಮೂವತ್ತು ಸಲ ತೆಗೆದು ಉಳಿದದ್ದನ್ನು ಬಿಡುತ್ತಾರೆ.

ಮೊಬೈಲಿಗೆ ಈ ಹುಳ ಕಷ್ಟ. ಮೈ ಕಡ್ಡಿಯಷ್ಟೇ ದಪ್ಪವಿರುವುದರಿಂದ ಫೋಕಸ್ ಹಿಂದಿನ ಗಿಡಕ್ಕೆ ಹೋಗಿ ಕೂರುತ್ತದೆ. ಹುಳದ ಹಿಂದೆ ಒಂದು ಗೇಣು ದೂರದಲ್ಲಿ ಅಂಗೈಯನ್ನೋ ನೋಟ್‌ಬುಕ್ಕನ್ನೋ ಹಿಡಿದರೆ ಫೋಕಸ್‌ಗೆ ಬೇರೆ ದಾರಿ ಇರುವುದಿಲ್ಲ. ತೀರಾ ಹತ್ತಿರ ಹೋಗುವ ಬದಲು 15ರಿಂದ 20 ಸೆಂ.ಮೀ. ದೂರದಲ್ಲಿ ನಿಂತು 2 ಪಟ್ಟು ಜೂಮ್ ಮಾಡಿ. ತೂಗಾಟದ ಎರಡೂ ಕೊನೆಯಲ್ಲಿ ಹುಳ ಕ್ಷಣಕಾಲ ನಿಲ್ಲುತ್ತದೆ, ಬಟನ್ ಒತ್ತಿ ಹಿಡಿದು ಸಾಲಾಗಿ ಹತ್ತು ತೆಗೆದರೆ ಅದರಲ್ಲೊಂದು ಆ ಕ್ಷಣದ್ದಾಗಿರುತ್ತದೆ. ಅಳತೆಗೆ ಸ್ಕೇಲ್ ಇಲ್ಲದಿದ್ದರೆ 10 ರೂಪಾಯಿಯ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿ.ಮೀ. ಆದರೆ ನಾಣ್ಯ ಮತ್ತು ಹುಳ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ನಾಣ್ಯ ಮುಂದಕ್ಕೆ ಬಂದರೆ ಹುಳ ಗಿಡ್ಡವಾಗಿಬಿಡುತ್ತದೆ.

ಜಾಗ ಮತ್ತು ತಾರೀಖು

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಇದೆಯೇ ಎಂಬುದನ್ನು ಹೊರಡುವ ಮುಂಚೆ ನೋಡಿ. ಫೋಟೊದೊಳಗೇ ಜಾಗವೂ ಸಮಯವೂ ಸೇರಿಕೊಳ್ಳುತ್ತವೆ. ಅದೇ ಫೋಟೊವನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದ ಕೂಡಲೇ ಆ ಮಾಹಿತಿ ಕಳಚಿಹೋಗುತ್ತದೆ. ಬೇರೆಯವರಿಂದ ತರಿಸಿಕೊಳ್ಳುವಾಗ "ಡಾಕ್ಯುಮೆಂಟ್ ಆಗಿ ಕಳಿಸಿ" ಎನ್ನಿ, ಆಗ ಉಳಿಯುತ್ತದೆ.

ಊರ ಹೆಸರೊಂದೇ ಸಾಲದು. ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ? ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ನಾಲ್ಕನ್ನೂ ಬರೆಯಿರಿ. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದಲ್ಲಿ ನಾಲ್ಕು ಅಂಕಿಯವರೆಗೆ ಕೊಟ್ಟರೆ ಸುಮಾರು 11 ಮೀಟರ್‌ವರೆಗಿನ ನಿಖರತೆ ಸಿಗುತ್ತದೆ, ಎರಡೇ ಅಂಕಿ ಕೊಟ್ಟರೆ ಸುಮಾರು 1.1 ಕಿ.ಮೀ. ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಇರುವುದನ್ನು ಹಾಗೆಯೇ ಚುಕ್ಕೆ ಹಾಕಿ ಬರೆಯುವುದು ಮೇಲಿಂದ ಮೇಲೆ ಆಗುವ ತಪ್ಪು. 13 ಡಿಗ್ರಿ 07 ನಿಮಿಷ 12 ಸೆಕೆಂಡ್ ಎಂದರೆ 13.12. ಅದನ್ನು 13.0712 ಎಂದು ಬರೆದರೆ ಹುಳ 5 ಕಿ.ಮೀ.ಗೂ ಹೆಚ್ಚು ತೆಂಕಣಕ್ಕೆ ಸರಿದು ಯಾವುದೋ ಬಡಾವಣೆಯ ನಡುವೆ ಕೂರುತ್ತದೆ. ಬೆಂಗಳೂರಿನ 13 ಮತ್ತು 77ನ್ನು ಅದಲುಬದಲು ಮಾಡಿದರೆ ನಕ್ಷೆಯಲ್ಲಿ ಚುಕ್ಕೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಾಗರಕ್ಕೆ ಹೋಗುತ್ತದೆ. ಸಲ್ಲಿಸುವ ಮುನ್ನ ನಕ್ಷೆಯನ್ನು ಒಮ್ಮೆ ಕಣ್ಣಾರೆ ನೋಡಿದರೆ ಇವೆರಡೂ ಸಿಕ್ಕಿಬೀಳುತ್ತವೆ.

ಫೋಟೊಗಳನ್ನು ಜೀವಿಗಳ ದಾಖಲೆ ಕೂಡಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಏರಿಸಿ. ಐನ್ಯಾಚುರಲಿಸ್ಟ್ ಚಿತ್ರ ನೋಡಿ ತಾನೇ ಹೆಸರು ಸೂಚಿಸುತ್ತದೆ. ಅದನ್ನು ಹಾಗೆಯೇ ಒತ್ತಿಬಿಡಬೇಡಿ, ಕತ್ತು, ತಲೆ, ಕಾಲು ಮೂರನ್ನೂ ನೀವೇ ನೋಡಿದ ಮೇಲೆ ಒಪ್ಪಿಕೊಳ್ಳಿ. ಸ್ಪಷ್ಟವಿಲ್ಲದಿದ್ದರೆ "ಮ್ಯಾಂಟೋಡಿಯಾ" ಎಂಬ ಗಣದ ಹೆಸರಿಗೇ ನಿಲ್ಲಿಸಿ, ತಿಳಿದವರು ಮುಂದುವರಿಸುತ್ತಾರೆ. ಒಂದೇ ಪೊದೆಯಲ್ಲಿ ಹಲವು ಹುಳ ಸಿಕ್ಕಿದ್ದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಬಳಸಿ. ಸಾಕಲು ಮಾರುವವರು ಇಂಥ ನಕ್ಷೆಗಳನ್ನು ನೋಡುತ್ತಾರೆ. ಮಸುಕು ಮಾಡಿದಾಗ ಹೊರಗಿನವರಿಗೆ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಕಾಣುತ್ತದೆ, ನಿಖರ ಅಂಕಿ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ.

ಸತ್ತ ಹುಳ ಸಿಕ್ಕರೆ ಎಸೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ವಾರ ಫ್ರೀಜರ್‌ನಲ್ಲಿಡಿ, ಒಳಗೆ ಸೇರಿಕೊಂಡ ಸಣ್ಣ ಹುಳುಗಳು ಸಾಯುತ್ತವೆ. ಆಮೇಲೆ ಕಾಗದದ ಪೊಟ್ಟಣದಲ್ಲಿ ಒಣಗಿಸಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಹುಳದ ಜೊತೆಗೇ ಇಡಿ, ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಹರಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಇವೆರಡರಲ್ಲೂ ಕೀಟಸಂಗ್ರಹವಿದೆ.

ಚುಕ್ಕೆ ಇಲ್ಲದ ಕಡೆ

ಹಳೆಯ ಪಟ್ಟಿಗಳಲ್ಲಿ ದಕ್ಷಿಣ ಭಾರತ, ಶ್ರೀಲಂಕಾಗಳಲ್ಲದೆ ಬರ್ಮಾ, ಥಾಯ್ಲೆಂಡ್, ಜಾವಾದ ಹೆಸರೂ ಈ ಹುಳಕ್ಕೆ ಸೇರಿವೆ. ನೂರಾರು ವರ್ಷ ಹಿಂದಿನ ಮಾದರಿಗಳಲ್ಲಿ ಹಡಗು ಹೊರಟ ಬಂದರಿನ ಹೆಸರೇ ಚೀಟಿಗೆ ಬಿದ್ದಿರುವುದುಂಟು, ಆದ್ದರಿಂದ ಒಂದೇ ಹಳೆಯ ಮಾದರಿಯ ಮೇಲೆ ನಿಂತ ದೂರದ ಜಾಗವನ್ನು ನಕ್ಷೆಯಲ್ಲಿ ಬೇರೆ ಗುರುತಿನಿಂದ ತೋರಿಸುವುದು ಸರಿಯಾದ ಕ್ರಮ. ಚುಕ್ಕೆಗಳ ಸುತ್ತ ಗೆರೆ ಎಳೆದು ಒಳಗೆಲ್ಲ ಬಣ್ಣ ತುಂಬಬೇಡಿ. ಹಾಗೆ ಮಾಡಿದರೆ ಪಶ್ಚಿಮ ಘಟ್ಟದ ಮಳೆಕಾಡೂ ಬಣ್ಣದೊಳಗೆ ಬಂದುಬಿಡುತ್ತದೆ. 10 ಕಿ.ಮೀ. ಚೌಕಗಳಾಗಿ ಭಾಗ ಮಾಡಿ, ದಾಖಲೆಯಿರುವ ಚೌಕವನ್ನು ಮಾತ್ರ ತುಂಬಿ.

ಚುಕ್ಕೆಗಳು ಬೆಂಗಳೂರಿನ ಸುತ್ತ ಹೆಚ್ಚು ಎಂದರೆ ಹುಳ ಅಲ್ಲೇ ಹೆಚ್ಚು ಎಂದಲ್ಲ, ಕ್ಯಾಮೆರಾ ಹಿಡಿದವರು ಅಲ್ಲಿ ಹೆಚ್ಚು. ಇದನ್ನು ಸರಿಪಡಿಸುವ ದಾರಿ ಒಂದೇ: ಹುಡುಕಿ ಸಿಗದ ದಿನವನ್ನೂ ಬರೆಯುವುದು. ಒಂದೇ ಪಟ್ಟಿಯನ್ನು ತಿಂಗಳಿಗೊಮ್ಮೆ, ವರ್ಷಪೂರ್ತಿ ನಡೆಯಿರಿ. ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಎಷ್ಟು ಜನ, ಎಷ್ಟು ಮೀಟರ್, ಬಿಸಿಲೋ ಮೋಡವೋ, ಕಳೆದ ವಾರ ಮಳೆ ಬಿತ್ತೋ ಇಲ್ಲವೋ, ಯಾವ ಗಿಡ ಹೂಬಿಟ್ಟಿತ್ತು, ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ದರೋ, ಬೇಸಿಗೆಯ ಬೆಂಕಿ ಬಿದ್ದಿತ್ತೋ. ಕೊನೆಯ ಕಾಲಂನಲ್ಲಿ ಮರಿ ಎಷ್ಟು, ಗಂಡು ಎಷ್ಟು, ಹೆಣ್ಣು ಎಷ್ಟು. ಏನೂ ಸಿಗದಿದ್ದರೆ ಮೂರು ಕಡೆಯೂ 0 ಹಾಕಿ. ಆ ಕಾಲಂ ಖಾಲಿ ಬಿಟ್ಟರೆ ನೀವು ನೋಡಲಿಲ್ಲವೋ, ನೋಡಿದರೂ ಸಿಗಲಿಲ್ಲವೋ ಎಂಬುದು ಮುಂದಿನವರಿಗೆ ತಿಳಿಯುವುದಿಲ್ಲ.